ಲ್ಯಾಪ್‌ಟಾಪಿಗೆ ಬೀಗ ಹಾಕಿದ ಮಹಾನುಭಾವ

ಕೆಲವರು ತಮ್ಮ ಪಾಡಿಗೆ ಹೋಗುತ್ತಿದ್ದರೂ ಬೀದಿನಾಯಿ ಅಟ್ಟಿಸಿಕೊಂಡು ಬರುತ್ತದೆ. ನಾನು ನನ್ನ ಪಾಡಿಗೆ ಕೂತಿದ್ದರೂ ಕಂಪ್ಯೂಟರಿನ ಸೆಟ್ಟಿಂಗ್ಸ್ ಅಟ್ಟಿಸಿಕೊಂಡು ಬರುತ್ತವೆ.

ಜಂಭ ಅಂದುಕೊಳ್ಳಬೇಡಿ, ಬಸವೇಶ್ವರನಗರದ ನಮ್ಮ ಕ್ರಾಸಿನಲ್ಲಿ ನನ್ನಷ್ಟು ಕಂಪ್ಯೂಟರ್ ತಿಳಿದವರು ಇನ್ನೊಬ್ಬರಿಲ್ಲ. ನಾನು ಕೈಯಿಟ್ಟ ಕಂಪ್ಯೂಟರನ್ನು ಆಮೇಲೆ ಯಾವ ಅಂಗಡಿಯವನೂ ಸುಲಭವಾಗಿ ಸರಿಮಾಡಿದ ಉದಾಹರಣೆಯಿಲ್ಲ. ಅದಕ್ಕೇ ನಮ್ಮ ನಿವಾಸಿಗಳ ಸಂಘ ಲ್ಯಾಪ್‌ಟಾಪ್ ಕೊಂಡಾಗ ನನ್ನನ್ನೇ ಕಂಪ್ಯೂಟರ್ ಕಾರ್ಯದರ್ಶಿ ಮಾಡಿತು. ಎದುರುಮನೆಯ ನಿವೃತ್ತ ಗಣಿತದ ಟೀಚರ್ ಒಂದು ಕೈ ಎತ್ತುವಷ್ಟರಲ್ಲಿ ನಾನು ಎರಡೂ ಎತ್ತಿದ್ದೆ. ರಿಟೈರಾದ ಮೇಲೆ ನನಗೆ ಸಿಕ್ಕ ಪದವಿ ಅದೊಂದೇ. ಮನೆಯಲ್ಲಿ ಸೊಪ್ಪು ತರುವ ಹುದ್ದೆಗೂ ಹೆಂಡತಿ ನನ್ನನ್ನು ನಂಬುವುದಿಲ್ಲ. ಹಾಗಾಗಿ ಮಾರ್ಚಿನ ವಾರ್ಷಿಕ ಸಭೆಯಲ್ಲಿ ಈ ಪದವಿ ಟೀಚರ್ ಪಾಲಾಗದಂತೆ ಉಳಿಸಿಕೊಳ್ಳುವುದು ನನ್ನ ಜೀವನದ ಗುರಿಯಾಯಿತು.

ಒಂದು ನಿಮಿಷದ ಶಿಸ್ತು

ಸಂಘದ ಆಸ್ತಿ ಅಂದಮೇಲೆ ಭದ್ರತೆ ಬೇಡವೇ? ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಸ್ಕ್ರೀನ್ ಲಾಕ್ ಆಗುವ ಹಾಗೆ ಮಾಡಿದೆ. ಗೌರಿ ಹಬ್ಬದ ದಿನ ಹೆಂಡತಿ ನಮ್ಮ ಮನೆಯಲ್ಲೇ ಇರುತ್ತಿದ್ದ ಆ ಲ್ಯಾಪ್‌ಟಾಪನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಅವಳ ಅಕ್ಕ ಬರೆದು ಕಳಿಸಿದ್ದ ಕರ್ಜಿಕಾಯಿ ವಿಧಾನ ಓದುತ್ತಿದ್ದಳು. ಕೈತುಂಬ ಹಿಟ್ಟು.

"ರೀ, ಕಪ್ಪಾಯ್ತು ಬನ್ರೀ!"

ಹೋಗಿ ಪಾಸ್‌ವರ್ಡ್ ಒತ್ತಿದೆ. ನಡುಮನೆಗೆ ಬಂದು ಪೇಪರ್ ಬಿಡಿಸುವಷ್ಟರಲ್ಲಿ ಮತ್ತೆ "ರೀ!" ಹನ್ನೆರಡನೇ ಸಲಕ್ಕೆ ಅವಳು, "ಆ ಪಾಸ್‌ವರ್ಡ್ ನಂಗೇ ಹೇಳ್ಬಿಡಿ" ಅಂದಳು.

"ಅದು ಸಂಘದ ಗುಟ್ಟು ಕಣೇ."

"ಹಾಗಾದ್ರೆ ಇಲ್ಲೇ ನಿಂತ್ಕೊಳ್ಳಿ."

ಒಲೆಯ ಪಕ್ಕ ನಿಂತು, ತೊಟ್ಟಿಲು ತೂಗುವವನ ಹಾಗೆ ಮೌಸ್ ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಟೀಚರ್ ಅರಿಶಿನ ಕುಂಕುಮಕ್ಕೆ ಬಂದರು.

"ಏನ್ ಸಾರ್, ಅಡುಗೆಮನೇಲಿ?"

"ಸಂಘದ ಕೆಲಸ ಮೇಡಂ" ಅಂದೆ.

ಹೆಂಡತಿ ಬಿಸಿ ಕರ್ಜಿಕಾಯಿಯೊಂದನ್ನು ಅವರ ಕೈಗಿಟ್ಟು, "ತಗೊಳ್ಳಿ, ಸಂಘದ ಕೆಲಸ" ಅಂದಳು.

ನಿದ್ದೆಯೋ, ಸಾವೋ

ಹಬ್ಬ ಮುಗಿದ ಮೇಲೆ ಸೆಟ್ಟಿಂಗ್ಸ್ ತೆರೆದೆ. ಸ್ಕ್ರೀನ್ ಆರುವ ಸಮಯ ಒಂದು ಸಾಲಿನಲ್ಲಿ, ಕಂಪ್ಯೂಟರ್ ನಿದ್ದೆ ಹೋಗುವ ಸಮಯ ಇನ್ನೊಂದು ಸಾಲಿನಲ್ಲಿ. ಒಂದನ್ನು ಏರಿಸಿದೆ, ಇನ್ನೊಂದನ್ನು ಇಳಿಸಿದೆ. ಯಾವುದನ್ನು ಏನು ಮಾಡಿದೆ ಅಂತ ಕೇಳಬೇಡಿ. ಮಾರನೇ ದಿನ ಕಾಫಿ ಕುಡಿದು ಬಂದು ನೋಡಿದರೆ ಲ್ಯಾಪ್‌ಟಾಪ್ ಉಸಿರೇ ಇಲ್ಲ. ಮೌಸ್ ಅಲ್ಲಾಡಿಸಿದೆ, ಬೆನ್ನು ತಟ್ಟಿದೆ. ಸಂಘದ ಗ್ರೂಪಿನಲ್ಲಿ "ಮದರ್‌ಬೋರ್ಡ್ ಹೋಯಿತು" ಅಂತ ಹಾಕಿದೆ. ಹದಿನೇಳು ಜನ ಕೈಮುಗಿದರು. ಒಬ್ಬರು "ಓಂ ಶಾಂತಿ" ಅಂತಲೂ ಹಾಕಿದರು.

ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ವಿಜಯನಗರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಪವರ್ ಬಟನ್ ಒಂದು ಸಲ ಒತ್ತಿದ. ಫಳಕ್ಕನೆ ಬೆಳಗಿತು.

"ಏನಾಗಿತ್ತಪ್ಪಾ?"

"ಮಲಗಿತ್ತು ಸಾರ್. ಮೂರು ನಿಮಿಷಕ್ಕೇ ಸ್ಲೀಪ್ ಅಂತ ಯಾರೋ ಪುಣ್ಯಾತ್ಮರು ಇಟ್ಟಿದಾರೆ."

"ಗೊತ್ತಿಲ್ಲದೋರು ಕೈ ಹಾಕಿದ್ರೆ ಹಿಂಗೇ ಬಿಡಿ" ಅಂದೆ.

ಮನೆಗೆ ಬಂದು ಗ್ರೂಪಿನಲ್ಲಿ "ನಾನೇ ಬದುಕಿಸಿದೆ" ಅಂತ ಹಾಕಿದೆ. ಎಲ್ಲರೂ ಚಪ್ಪಾಳೆ ಕಳಿಸಿದರು. ಟೀಚರ್ ಒಬ್ಬರೇ ಕೇಳಿದ್ದರು: "ಬದುಕಿಸಿದಿರೋ, ಎಬ್ಬಿಸಿದಿರೋ ಸಾರ್?"

ಕಣ್ಣು ಮುಚ್ಚದ ಯಂತ್ರ

ಇನ್ನು ಮಲಗುವ ಮಾತೇ ಬೇಡವೆಂದು ಎರಡೂ ಸಾಲಿಗೆ "ನೆವರ್" ಅಂತ ಇಟ್ಟೆ. ಲ್ಯಾಪ್‌ಟಾಪ್ ನಡುಮನೆಯಲ್ಲಿ ಹಗಲಿಡೀ ಕಣ್ಣು ಬಿಟ್ಟುಕೊಂಡು ಕೂತಿತು. ಒಂದು ಸಂಜೆ ಸಂಘದ ಅಧ್ಯಕ್ಷರಿಗೆ ಪತ್ರ ಟೈಪ್ ಮಾಡುತ್ತಿದ್ದೆ: "ಎದುರುಮನೆ ಟೀಚರ್‌ಗೆ ಕಂಪ್ಯೂಟರ್ ಜ್ಞಾನ ಸಾಲದು. ಅವರ ಹೆಸರನ್ನು ಪರಿಗಣಿಸಬಾರದೆಂದು ಕೋರಿಕೆ." ಅದನ್ನು ಹಾಗೇ ಬಿಟ್ಟು ಹಾಲು ತರಲು ಹೋದೆ.

ವಾಪಸ್ ಬಂದಾಗ ಟೀಚರ್ ನನ್ನ ಹೆಂಡತಿಯ ಹತ್ತಿರ ಕರಿಬೇವು ಇಸಿದುಕೊಂಡು ಹೊರಡುತ್ತಿದ್ದರು. ನಗುನಗುತ್ತಾ ನಮಸ್ಕಾರ ಹೇಳಿದರು. ಕೂತು ನೋಡಿದರೆ ನನ್ನ ಪತ್ರದ ಕೆಳಗೆ ಕೆಂಪಕ್ಷರದಲ್ಲಿ ಎರಡು ಸಾಲು: "ಹತ್ತಕ್ಕೆ ನಾಲ್ಕು. ವಿಷಯ ಸುಳ್ಳು, ಒಕ್ಕಣೆ ಪರವಾಗಿಲ್ಲ."

ಅಕ್ಷರಕ್ಕೆ ಕೆಂಪು ಬಣ್ಣ ಬರಿಸುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಖವೇ ಬೀಗದ ಕೈ

ನನ್ನೊಬ್ಬನಿಗೆ ಬಿಟ್ಟು ಇನ್ಯಾರಿಗೂ ತೆರೆಯಬಾರದೆಂದು ಡಿಸೆಂಬರಿನ ಒಂದು ಬೆಳಿಗ್ಗೆ, ಮುಖ ತೋರಿಸಿದರೆ ಬಿಚ್ಚಿಕೊಳ್ಳುವ ಲಾಕ್ ಹಾಕಿದೆ. ಜೊತೆಗೆ ಒಂದು ಪಿನ್ ಕೂಡ ಇತ್ತು. ಯಾರಿಗೂ ತಿಳಿಯಬಾರದೆಂದು ಎಲ್ಲೂ ಬರೆದಿಡಲಿಲ್ಲ. ಕ್ರಮೇಣ ನನಗೂ ತಿಳಿಯದಂತಾಯಿತು. ಆದರೂ ಚಿಂತೆಯಿರಲಿಲ್ಲ. ದಿನಾ ವಾಕಿಂಗಿನಿಂದ ನೇರವಾಗಿ ಬಂದು ಕೂತರೆ ಲ್ಯಾಪ್‌ಟಾಪ್ ಗುರುತು ಹಿಡಿದು ತೆರೆಯುತ್ತಿತ್ತು. ಚಳಿ ಹೋದಮೇಲೆ ತೆರೆಯುವ ಕೆಲಸವೇ ಬರಲಿಲ್ಲ.

ಮಾರ್ಚಿನ ಭಾನುವಾರ ಪಾರ್ಕಿನ ತಗಡಿನ ಶೆಡ್ಡಿನಲ್ಲಿ ಸಭೆ. ಮೊದಲು ಟೀವಿಯಲ್ಲಿ ನನ್ನ ವರ್ಷದ ಸಾಧನೆಯ ಫೋಟೊಗಳು, ಆಮೇಲೆ ಕಾರ್ಯದರ್ಶಿಯ ಆಯ್ಕೆ. ಹೊಸ ಶರಟು ಹಾಕಿ, ನುಣ್ಣಗೆ ಶೇವ್ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತೆ. ಪರಿಚಯವಿಲ್ಲ ಎಂದಿತು. ನಕ್ಕೆ. ಇಲ್ಲ ಎಂದಿತು. ಕನ್ನಡಕ ತೆಗೆದೆ, ಮೂತಿ ಮುಂದೆ ಮಾಡಿದೆ, ಪಕ್ಕಕ್ಕೆ ತಿರುಗಿಸಿದೆ. ಇಲ್ಲವೇ ಇಲ್ಲ.

"ಸಾರ್, ನಿಮ್ಮ ಮನೇಲೇ ತಾನೆ ಇದು ಇದ್ದಿದ್ದು?" ಅಂದರು ಅಧ್ಯಕ್ಷರು.

ಹಿಂದೆ ಕೂತಿದ್ದ ಹೆಂಡತಿ ತಟ್ಟನೆ ಎದ್ದು ಮನೆಗೆ ಹೋದಳು. ಐದು ನಿಮಿಷಕ್ಕೆ ಬಂದು, ನಲವತ್ತು ಜನರ ಎದುರು ನನ್ನ ಕೈಗೆ ಉಣ್ಣೆಯ ಮಂಕಿ ಕ್ಯಾಪ್ ಇಟ್ಟಳು.

"ಆವತ್ತು ಇದನ್ನ ಹಾಕ್ಕೊಂಡೇ ಅಲ್ವಾ ಮುಖ ತೋರ್ಸಿದ್ದು? ಹಾಕ್ಕೊಳ್ಳಿ."

ಹಾಕಿಕೊಂಡೆ. ತಕ್ಷಣ ತೆರೆಯಿತು. ತೆಗೆದರೆ ಮತ್ತೆ ಮುಚ್ಚೀತೆಂಬ ಭಯ. ಆ ಬಿಸಿಲಿನಲ್ಲಿ, ತಗಡಿನ ಕೆಳಗೆ, ಮಂಕಿ ಕ್ಯಾಪಿನೊಳಗಿಂದಲೇ ಅರ್ಧ ಗಂಟೆ ನನ್ನ ಸಾಧನೆ ವಿವರಿಸಿದೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಸೇವೆಗೆ ಕರಗಿದರು ಅಂದುಕೊಂಡೆ.

"ಟೀಚರ್ ಆಗ್ಲಿ ಅನ್ನೋರು ಕೈ ಎತ್ತಿ" ಅಂದರು ಅಧ್ಯಕ್ಷರು. ಇಡೀ ಶೆಡ್ಡು ಎತ್ತಿತು. ಹಿಂದೆ ಪರಿಚಯದ ಬಳೆ ಸದ್ದಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಸೋತರೂ ಗತ್ತು ಬಿಡಬಾರದು. ಲ್ಯಾಪ್‌ಟಾಪ್ ಮುಚ್ಚಿ, ಚಾರ್ಜರ್ ಸುತ್ತಿ, ಮೇಲೆ ಮಂಕಿ ಕ್ಯಾಪನ್ನೂ ಇಟ್ಟು ಟೀಚರ್‌ಗೆ ಒಪ್ಪಿಸಿದೆ. ಅವರು ಕ್ಯಾಪ್ ಒಂದನ್ನು ಮಾತ್ರ ವಾಪಸ್ ಕೊಟ್ಟರು.

"ಬರೀ ಇದನ್ನ ಇಟ್ಕೊಂಡು ನಾನೇನ್ಮಾಡ್ಲಿ ಸಾರ್? ನಾಳೆ ಬೆಳಿಗ್ಗೆ ಇದ್ರೊಳಗೆ ನಿಮ್ಮ ಮುಖಾನೂ ಹಾಕ್ಕೊಂಡು ನಮ್ಮನೆಗೆ ಬನ್ನಿ."