ಡಾಟ್ ಆದಮೇಲೆ ನಮ್ಮ ಹೆಸರು

ರೆಡ್‌ವುಡ್ ಸಿಟಿಯ ನಮ್ಮ ಕಂಪನಿ ಮೋಸದ ಇಮೇಲುಗಳನ್ನು ಹಿಡಿದು ತಡೆಯುವ ಸಾಫ್ಟ್‌ವೇರ್ ಮಾರುತ್ತದೆ. ಹೆದರಿಕೆಯೇ ನಮ್ಮ ಸರಕು. ಹಾಗಾಗಿ ಆಫೀಸಿನೊಳಗೂ ಅದಕ್ಕೆ ಎಂದೂ ಕೊರತೆಯಾಗಿಲ್ಲ. ಈಚಿನ ಪ್ರಸಂಗಗಳೆಲ್ಲ ಹುಟ್ಟಿದ್ದು ಒಂದೇ ಕೆಲಸದಿಂದ: ನಮ್ಮ ಇಂಟರ್ನೆಟ್ ವಿಳಾಸದ ಕೊನೆಯಲ್ಲಿರುವ ಡಾಟ್ ಕಾಮ್‌ನ ‘ಕಾಮ್’ ತೆಗೆದು ಅಲ್ಲಿ ಕಂಪನಿಯದೇ ಹೆಸರು ಕೂರಿಸುವುದು. ನನ್ನ ಗ್ರೀನ್ ಕಾರ್ಡಿನ, ಅಂದರೆ ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಯ, ಫೈಲು ಈ ನೌಕರಿಗೆ ಗಂಟುಬಿದ್ದಿದೆ. ಇದು ಹೋದರೆ ಅದೂ ಹೋಯಿತು. ಅಷ್ಟು ತಿಳಿದಿದ್ದರೆ ನಗಲು ಅನುಕೂಲ.

ಮೀಟಿಂಗು

ಇಂಟರ್ನೆಟ್ ಹೆಸರುಗಳನ್ನು ಹಂಚುವ ಸಂಸ್ಥೆಯಲ್ಲಿ ಇಂಥ ಹೆಸರಿಗೆ ಅರ್ಜಿ ಹಾಕುವ ಬಾಗಿಲು ದಶಕಕ್ಕೊಮ್ಮೆ ತೆರೆದರೆ ಹೆಚ್ಚು. ಫಾಸ್ಟರ್ ಸಿಟಿಯಲ್ಲಿರುವ ನಮ್ಮ ಪ್ರತಿಸ್ಪರ್ಧಿಗಳು ಅರ್ಜಿ ಹಾಕುತ್ತಿದ್ದಾರೆಂದು ಸಿಇಓ ಕಿವಿಗೆ ಬಿತ್ತು.

"ಅವರು ನಮ್ಮ ಹೆಸರೇನೂ ತಗೊಳ್ಳಲ್ಲ, ಅವರದ್ದು ತಗೋತಾರೆ," ಎಂದರು ಕಂಪನಿಯ ವಕೀಲೆ.

"ನಮ್ಮ ಹತ್ರ ಯಾಕಿಲ್ಲ ಅಂತ ಕೇಳಿದ್ರೆ?"

"ಯಾರು?"

ಸಿಇಓ ಯೋಚಿಸಿದರು. "ಯಾರಾದ್ರೂ."

ಬೆಂಗಳೂರಿನವರಾದ ನನ್ನ ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟರು. "ನೀನೇ ನೋಡ್ಕೊಳಪ್ಪ. ದೊಡ್ಡ ಅವಕಾಶ." ಹಿಂದಿನ ತಿಂಗಳು ಇದೇ ಮಾತು ಕೇಳಿಸಿಕೊಂಡ ಇಬ್ಬರು ಈಗ ನಮ್ಮಲ್ಲಿಲ್ಲ.

ಪ್ರಿಂಟರು

ಅರ್ಜಿಯಲ್ಲಿ ಪ್ರಶ್ನೆಗಳ ರಾಶಿ. ಅದರಲ್ಲೊಂದು, ನಿಮ್ಮ ಕಂಪನಿ ಮುಚ್ಚಿಹೋದರೆ ಈ ಹೆಸರನ್ನು ಯಾರು ನಡೆಸುತ್ತಾರೆ ಎಂದು. ಎಲ್ಲ ಅರ್ಜಿದಾರರಿಗೂ ಇರುವ ಪ್ರಶ್ನೆಯೇ. ಉತ್ತರದ ಕರಡನ್ನು ಪ್ರಿಂಟಿಗೆ ಕೊಟ್ಟು ಕಾಫಿಗೆ ಹೋದೆ. ತಲೆಬರಹ: "ಕಂಪನಿ ಮುಚ್ಚಿದ ನಂತರದ ವ್ಯವಸ್ಥೆ".

ವಾಪಸು ಬಂದಾಗ ನನ್ನ ಪುಟ ಇರಲಿಲ್ಲ. ಪ್ರಿಂಟರಿನಿಂದ ಒಂದರ ಹಿಂದೊಂದು ನಮ್ಮ ಆಫೀಸಿನ ಹನ್ನೊಂದು ಜನರ ರೆಸ್ಯೂಮೆ ಬರುತ್ತಿತ್ತು.

ಮ್ಯಾನೇಜರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. "ನಿಜ ಹೇಳು. ಪ್ಲೆಸೆಂಟನ್‌ನಲ್ಲಿ ಈಗ ತಾನೆ ಮನೆ ತಗೊಂಡಿದೀನಿ."

"ಸಾರ್, ಆ ತಲೆಬರಹ ಬರೆಸಿದ್ದು ನೀವೇ."

"ಗೊತ್ತು ಕಣಯ್ಯ. ಆದ್ರೂ ಪ್ರಿಂಟಲ್ಲಿ ನೋಡಿದಾಗ ನಿಜ ಅನ್ನಿಸ್ತು."

ಆಕ್ಷೇಪಣೆ

ಅರ್ಜಿ ಹಾಕಿದ ಮೇಲೆ ಹೆಸರನ್ನು ಪ್ರಕಟಿಸುತ್ತಾರೆ. ಆಕ್ಷೇಪಣೆ ಇದ್ದವರು ಹೇಳಬಹುದು. ದಿನಾ ಬೆಳಿಗ್ಗೆ ಯಾರಾದರೂ ತಕರಾರು ತೆಗೆದಿದ್ದಾರೋ ಎಂದು ನೋಡುವುದೇ ನನ್ನ ಸಂಧ್ಯಾವಂದನೆಯಾಯಿತು.

ಉಡುಪಿಯಿಂದ ಬಂದಿದ್ದ ಅತ್ತೆ ಕೇಳಿದರು, "ನಿಮ್ಮ ಹೆಸರು ನೀವು ಇಟ್ಟುಕೊಳ್ಳಲಿಕ್ಕೆ ಊರವರನ್ನೆಲ್ಲ ಕೇಳುವುದು ಎಂತಕ್ಕೆ?"

ಮಗಳು ಫೋನಿನಿಂದ ತಲೆಯೆತ್ತದೆ ಸಮಾಧಾನ ಹೇಳಿದಳು. "ಡೋಂಟ್ ವರಿ ಅಪ್ಪಾ. ನೋಬಡಿ ನೋಸ್ ಯುವರ್ ಕಂಪನಿ."

ಆಕ್ಷೇಪಣೆ ಒಂದೂ ಬರಲಿಲ್ಲ. ಕಾರಣವನ್ನು ನಾನು ವರದಿಯಲ್ಲಿ ಸೇರಿಸಲಿಲ್ಲ.

ಮೊದಲ ಇಮೇಲು

ಕಾದೂ ಕಾದು ಕೊನೆಗೆ ಹೆಸರು ಸಿಕ್ಕಿತು. ಸಿಇಓ ಹೊಸ ವಿಳಾಸದಿಂದ ಇಡೀ ಕಂಪನಿಗೆ ಇಮೇಲು ಕಳಿಸಿ ಅಭಿನಂದನೆಗೆ ಕಾದರು. ಎರಡು ವಾರ ಕಾದ ಮೇಲೆ ವಿಚಾರಿಸಿದರು. ಯಾರಿಗೂ ತಲುಪಿರಲಿಲ್ಲ. ಎಂದೂ ಕಂಡಿರದ ಈ ವಿಳಾಸವನ್ನು ನಮ್ಮದೇ ಸಾಫ್ಟ್‌ವೇರು ಮೋಸವೆಂದು ತೀರ್ಮಾನಿಸಿ ತಡೆದಿತ್ತು. ಅದು ಯಾರನ್ನೂ ನಂಬುವುದಿಲ್ಲ ಎಂದೇ ನಾವು ಅದನ್ನು ಮಾರುವುದು.

ರಿಪೇರಿ ನನ್ನ ಪಾಲಿಗೆ ಬಂತು. ತಡೆಹಿಡಿದ ಇಮೇಲುಗಳ ಪಟ್ಟಿ ತೆರೆದೆ. ಸಿಇಓ ಪತ್ರದ ಕೆಳಗೆ, ಅದೇ ದಿನ ಹೊಸ ವಿಳಾಸದಿಂದ ಎಚ್‌ಆರ್ ನನಗೆ ಕಳಿಸಿದ್ದ ಒಂದು ಪತ್ರವಿತ್ತು. ವಿಷಯ: "ನಿಮ್ಮ ಹುದ್ದೆಯ ಮುಕ್ತಾಯ". ಎರಡು ವಾರದಿಂದ ಮ್ಯಾನೇಜರು ಬೆಳಿಗ್ಗೆ ನನ್ನನ್ನು ಕಂಡಾಗಲೆಲ್ಲ ಬೆಚ್ಚಿಬೀಳುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಅಷ್ಟರಲ್ಲಿ ಅವರೇ ಬಂದರು. "ಯಾವಾಗ ಸರಿಹೋಗತ್ತಪ್ಪ ಇದು?"

ನಾನು ಪಟ್ಟಿಯ ಮುಂದಿನ ಸಾಲಿಗೆ ಬೆರಳಿಟ್ಟೆ. ವಿಷಯ ಅದೇ. ಹೆಸರು ಅವರದು.

ಅವರು ಎರಡು ಸಲ ಓದಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ನಿನ್ನ ಗ್ರೀನ್ ಕಾರ್ಡ್ ಯಾವಾಗ ಬರತ್ತೆ ಅಂದಿದ್ದೆ?"

"ಇನ್ನೂ ಹದಿನೈದು ವರ್ಷ ಆಗಬಹುದು ಸಾರ್."

"ಸರಿ. ಆತುರ ಬೇಡ, ಚೆನ್ನಾಗಿ ಟೆಸ್ಟ್ ಮಾಡು. ಅಷ್ಟರೊಳಗೆ ಮುಗಿಸಿದ್ರೆ ಸಾಕು."