ಸಹನಾಳ ಹಲ್ಲುಪುಡಿ ಚೆನ್ನಾಗಿದೆಯೇ?

ಯಾರಾದರೂ ಯಾವುದನ್ನಾದರೂ "ಬಹಳ ಚೆನ್ನಾಗಿದೆ" ಎಂದರೆ ಈಚೆಗೆ ನನ್ನ ಎದೆ ಸ್ವಲ್ಪ ಅಳುಕುತ್ತದೆ. ನಾನು ಸುಲಭಕ್ಕೆ ಅಳುಕುವವನಲ್ಲ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗಡಿಕಲ್ಲನ್ನು ಕಣ್ಣಾರೆ ನೋಡದೆ ಯಾವ ನಕ್ಷೆಗೂ ಸಹಿ ಹಾಕಲಿಲ್ಲ. ಮುಳ್ಳುಬೇಲಿಯೊಳಗೆ ನುಗ್ಗಿ, ಪಂಚೆ ಹರಿದುಕೊಂಡು ಕಲ್ಲು ಹುಡುಕಿದ್ದೇನೆ. ಈ ಮಾತನ್ನು ನನ್ನ ಹೆಂಡತಿ ಎಷ್ಟು ಸಲ ಕೇಳಿದ್ದಾಳೆಂದರೆ, ನಾನು ಶುರುಮಾಡಿದರೆ ಎದ್ದುಹೋಗಿ ಕುಕ್ಕರ್ ಇಡುತ್ತಾಳೆ.

ನನ್ನ ತಂಗಿಯ ಮಗಳು ಸಹನಾ ಇಲ್ಲೇ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಬೇವು, ಜಾಲಿ ಚಕ್ಕೆ, ಲವಂಗ, ಉಪ್ಪು, ತೆಂಗಿನ ಚಿಪ್ಪಿನ ಇದ್ದಿಲು ಸೇರಿಸಿ ಒಂದು ಹಲ್ಲುಪುಡಿ ಮಾಡಿದ್ದಾಳೆ. ಅದನ್ನೇ ಉದ್ಯಮ ಮಾಡಬೇಕೆಂಬುದು ಅವಳ ಆಸೆ. ಗುಬ್ಬಿಯಲ್ಲಿ ಬಾಡಿಗೆಗೆ ಒಂದು ಶೆಡ್ಡೂ ನೋಡಿದ್ದಳು. ಶೆಡ್ಡಿನವರು ಸೋಮವಾರದೊಳಗೆ ಉತ್ತರ ಕೇಳಿದ್ದರು. ಹೂಂ ಎಂದರೆ ಕಾಲೇಜಿನ ಕೆಲಸ ಬಿಡಬೇಕು.

"ಮಾವ, ನೆಂಟರಿಗೆಲ್ಲ ಪುಡಿ ಕೊಟ್ಟಿದ್ದೀನಿ, ಎಲ್ರೂ ಚೆನ್ನಾಗಿದೆ ಅಂತಾರೆ. ನಂಗೆ ಯಾಕೋ ಭಯ. ನೀವೇ ಒಂದು ಸುತ್ತು ನೋಡ್ಕೊಂಡು ಬನ್ನಿ. ನೀವು ಸರಿ ಅಂದ್ರೆ ಕೆಲಸ ಬಿಡ್ತೀನಿ" ಎಂದಳು.

ಇಷ್ಟು ದೊಡ್ಡ ಸಂಸಾರದಲ್ಲಿ ಅವಳಿಗೆ ನಂಬಿಕಸ್ಥ ಕಣ್ಣು ಅಂತ ಕಂಡದ್ದು ನನ್ನದು. ಶನಿವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟೆ.

ಮೊದಲು ಗುಬ್ಬಿ. ಚಿಕ್ಕಪ್ಪನ ಮಗ ಮಹದೇವಣ್ಣ ಬಾಗಿಲಲ್ಲೇ ಹಲ್ಲು ಕಿರಿದು ತೋರಿಸಿದ. "ನೋಡ್ಲಾ, ಹೆಂಗ್ ಹೊಳೀತಾವೆ. ಬಹಳ ಚೆನ್ನಾಗೈತೆ." ಬಸ್ಸಿನ ಧೂಳು ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಬಾಲದಿಂದ ಸುರುಳಿ ಸುತ್ತಿ ಹಿಂಡಿದ ಪೇಸ್ಟಿನ ಟ್ಯೂಬಿತ್ತು. ಸಹನಾಳ ಡಬ್ಬಿ ನಡುಮನೆಯ ಷೋಕೇಸಿನಲ್ಲಿ, ಮೊಮ್ಮಗನ ಕಬಡ್ಡಿ ಕಪ್ಪಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಕೂತಿತ್ತು.

ಅಲ್ಲಿಂದ ಕುಣಿಗಲ್. ನಮ್ಮ ಅತ್ತಿಗೆ ಗಂಗಮ್ಮನವರ ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು. ನನಗೆ ಜೀವ ಬಂತು. ಕಾಫಿ ಹೀರುತ್ತಾ ಅತ್ತಿಗೆಯ ಹಲ್ಲನ್ನು ಗಮನಿಸಿದೆ. ಹಿಂದಿನ ಹಾಗೇ ಇದ್ದವು. ದೇವರ ಮನೆಯ ಕಂಚಿನ ದೀಪಗಳು ಮಾತ್ರ ಝಗಝಗಿಸುತ್ತಿದ್ದವು. ಕೇಳಿದ್ದಕ್ಕೆ ಅತ್ತಿಗೆ ಸಂಕೋಚದಿಂದ ಹೇಳಿದರು: "ಮನೆ ಹೆಣ್ಮಗು ಕೈಯಾರೆ ಮಾಡಿರೋದು. ಬಾಯಿಗ್ ಹಾಕ್ಕೊಂಡು ಉಗಿಯಕ್ಕೆ ಮನಸ್ಸು ಬರ್ಲಿಲ್ಲ ಕಣಪ್ಪ. ದೇವರ ದೀಪ ಉಜ್ಜಕ್ಕೆ ಹಾಕ್ದೆ. ಅವ್ಳಿಗೆ ಹೇಳ್ಬೇಡ, ಬಹಳ ಚೆನ್ನಾಗೈತೆ ಅನ್ನು."

ನಮ್ಮವರ ಪ್ರೀತಿಯ ಮೇಲೆ ಅನುಮಾನವಿಲ್ಲ. ಪ್ರೀತಿ ಹೆಚ್ಚಾದಷ್ಟೂ ಪುಡಿ ಹಲ್ಲಿನಿಂದ ದೂರ ಹೋಗುತ್ತಿತ್ತು, ಅಷ್ಟೆ.

ಭಾನುವಾರ ನಮ್ಮೂರಿನದೇ ಶಿರಾ ಗೇಟಿನ ನಸೀರ್ ಸಾಹೇಬರ ಸೈಕಲ್ ಅಂಗಡಿಗೆ ಹೋದೆ. ಸಹನಾ ತನ್ನ ಗಾಡಿಗೆ ಗಾಳಿ ಹೊಡೆಸುವಾಗ ಅವರಿಗೂ ಒಂದು ಡಬ್ಬಿ ಕೊಟ್ಟಿದ್ದಳಂತೆ. ನಾನು ಸಹನಾಳ ಮಾವ ಎಂದದ್ದೇ ತಡ, ಸಾಹೇಬರು ಪಂಪು ಕೆಳಗಿಟ್ಟರು.

"ಏನ್ ಸಾರ್ ಅದು, ಲವಂಗ ಆ ಪಾಟಿ ಸುರಿದವ್ರೆ? ನಾಲಿಗೆ ಚುರುಗುಟ್ಟಿ ಬೆಳಗಿನ ಚಾ ರುಚೀನೇ ಗೊತ್ತಾಗಲ್ಲ. ಬೇಸಿನ್ನೆಲ್ಲ ಕಪ್ಪು, ಮನೇಲಿ ಬೈಗುಳ. ಆ ಮುಚ್ಚಳ ಬೇರೆ ಒದ್ದೆ ಕೈಗೆ ತಿರುಗಲ್ಲ."

"ಹಾಗಾದ್ರೆ ಬಿಟ್ಬಿಡಿ ಸಾಹೇಬ್ರೆ."

"ಬಿಡೋದ್ಯಾಕೆ? ಡಬ್ಬಿ ಖಾಲಿ ಆಗೋಗಿದೆ. ಇನ್ನೊಂದು ಯಾವಾಗ ಕೊಡ್ತಾರೆ ಕೇಳಿ."

ಗಡಿಕಲ್ಲು ಸಿಕ್ಕಿತು ಅಂದುಕೊಂಡೆ.

ಸಂಜೆ ಸಹನಾ ಮನೆಗೆ ಬಂದಳು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅತ್ತಿಗೆ ಹೇಳಬೇಡ ಅಂದದ್ದನ್ನೂ ಹೇಳಿದೆ. ಷೋಕೇಸಿನ ಸುದ್ದಿಗೆ ಅವಳ ಮುಖ ಬಾಡಿತು. ದೀಪದ ಸುದ್ದಿಗೆ ನಕ್ಕಳು, ಕಣ್ಣೊರೆಸಿಕೊಂಡಳು. ನಸೀರ್ ಸಾಹೇಬರ ಬೈಗುಳವನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡಳು.

"ಶೆಡ್ಡು ಈಗ ಬೇಡ ಮಾವ, ಕೆಲಸಾನೂ ಬಿಡಲ್ಲ. ಲವಂಗ ಕಮ್ಮಿ ಮಾಡಿ, ಮುಚ್ಚಳ ಬದಲಾಯಿಸಿ, ಗೊತ್ತಿಲ್ಲದೋರಿಗೇ ಕೊಡ್ತೀನಿ. ಬೈಕೊಂಡೂ ಇನ್ನೊಂದು ಡಬ್ಬಿ ಕೇಳೋರು ಒಂದಷ್ಟು ಜನ ಸಿಗ್ಲಿ. ಆಮೇಲೆ ಗುಬ್ಬಿ ಶೆಡ್ಡು."

ಎಂಥ ಬುದ್ಧಿ. ಸೋದರಮಾವನಿಂದಲೇ ಬಂದದ್ದು ಎಂದು ಬೀಗುತ್ತಿದ್ದೆ. ಆಗ ಅವಳು ಮೆಲ್ಲಗೆ ಕೇಳಿದಳು: "ಎಲ್ರಿಗಿಂತ ಮೊದ್ಲು ಬಹಳ ಚೆನ್ನಾಗಿದೆ ಅಂದೋರು ನೀವು. ಮುಚ್ಚಳದ ವಿಷ್ಯ ಯಾಕೆ ಹೇಳ್ಲಿಲ್ಲ?"

"ನಾನು ಕೈ ಒರೆಸ್ಕೊಂಡು ತೆಗೀತೀನಿ" ಎಂದೆ.

ಅಡಿಗೆಮನೆಯಿಂದ ನನ್ನ ಹೆಂಡತಿ, "ಸೀಲೇ ಕಿತ್ತಿಲ್ಲ ಕಣೇ. ಬೀರುನಲ್ಲಿ ನನ್ನ ರೇಷ್ಮೆ ಸೀರೆ ಪಕ್ಕ ಇಟ್ಟವ್ರೆ" ಎಂದಳು.

ಸೋಮವಾರ ಬೆಳಗ್ಗೆ ಸೀಲು ಕಿತ್ತೆ. ಒದ್ದೆ ಕೈಗೆ ಮುಚ್ಚಳ ನಿಜಕ್ಕೂ ತಿರುಗಲಿಲ್ಲ. ನಾಲಿಗೆ ಚುರುಗುಟ್ಟಿತು, ಬೇಸಿನ್ನು ಕಪ್ಪಾಯಿತು, ಹೆಂಡತಿ ಬೈದಳು. ಬಾಯಿ ಮುಕ್ಕಳಿಸಿದವನೇ ಸಹನಾಳಿಗೆ ಫೋನು ಮಾಡಿ ಎಲ್ಲವನ್ನೂ ಒಂದೊಂದಾಗಿ ದೂರಿದೆ. ಅವಳ ಪುಡಿಯನ್ನು ಬೈದವರಲ್ಲಿ ನಸೀರ್ ಸಾಹೇಬರೇ ಮೊದಲಿಗರಿರಬಹುದು. ನೆಂಟರ ಪೈಕಿ ಮೊದಲಿಗ ನಾನೇ.