ಗೋಳಗುಮ್ಮಟ ಮೀರುವ ಗಿಡಕ್ಕೆ ನಾನು ಮಾಲಿ

ಇದರಲ್ಲಿ ಬರೆದದ್ದೆಲ್ಲ ಖರೇನ ಖರೆ. ಬೇಕಾದರೆ ಹೆಂಡತಿಯ ಆಣೆ. ಆಕೆಯ ಎದುರಿಗೇ ಕೂತು ಬರೆಯುತ್ತಿದ್ದೇನೆ. ಲೋಕದಲ್ಲಿ ಎಲ್ಲಿ ಎಡವಟ್ಟು ಹುಟ್ಟಿದರೂ ಅದು ದಾರಿ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತದೆ. ಇಂಗ್ರೇಜಿ ಆಳಿಕೆಯ ಕೊನೆಯ ವರ್ಷಗಳಲ್ಲಿ ನಾನು ವಿಜಾಪುರದ ಸ್ಟೇಷನ್ ರಸ್ತೆಯ ಹತ್ತಿರ ಒಬ್ಬ ಸರಕಾರಿ ಸಾಹೇಬರ ಬಂಗಲೆಯಲ್ಲಿ ಮಾಲಿ. ನನ್ನಂಥ ಮಾಲಿ ಮುಂಬಯಿ ಪ್ರಾಂತದಲ್ಲೇ ಇರಲಿಲ್ಲ. ಒಣ ಕಟ್ಟಿಗೆ ನೆಟ್ಟರೂ ಮರುದಿನ ಮೊಗ್ಗು ಬಿಡುತ್ತಿತ್ತು. ಅಂಥವನ ನಿದ್ದೆಯನ್ನು ಒಂದು ಸಸಿ ಕೆಡಿಸಿತು.

ಆಯುಷ್ಯದ ಮಾತು

ಅಮೇರಿಕಾದ ಬೀಜ, ಮಹಾಬಳೇಶ್ವರದ ತಂಪಿನಲ್ಲಿ ಮೊಳೆತದ್ದು. ಹೆಸರು ಸಿಕ್ವೋಯಾ. ‘ಇದು ಗೋಳಗುಮ್ಮಟಕ್ಕಿಂತ ಎತ್ತರ ಬೆಳೀತದೆ, ಸಾವಿರಾರು ವರ್ಷ ಬದುಕ್ತದೆ’ ಎಂದರು ಸಾಹೇಬರು. ಇದನ್ನು ವಿಜಾಪುರದ ಬಿಸಿಲಲ್ಲಿ ಬೆಳೆಸಿ ತೋರಿಸುತ್ತೇನೆಂದು ಮಡದಿಯೊಡನೆ ಹಟ ಹಿಡಿದಿದ್ದರಂತೆ. ಬೇಸಿಗೆಗೆ ರಜೆಯ ಮೇಲೆ ಹೊರಟಾಗ, ‘ನಾನು ಬಂದಾಗ ಗಿಡ ಹಸಿರಿಲ್ಲದಿದ್ದರೆ ನೀನೂ ಇಲ್ಲಿಲ್ಲ’ ಎಂದು ಮೋಟಾರು ಹತ್ತಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: ‘ಸಾವಿರ ವರ್ಷ ಬದುಕೂದು, ನಿಮ್ಮ ಕೈಯಾಗ ಯಾಕ ಕೊಟ್ಟಾರ? ಅದೇನ ತಪ್ಪ ಮಾಡೇತಿ?’

ಪಂಖಾದ ಕೆಳಗಿನ ದೇವರು

ಬಿಸಿಲು ಏರಿತು. ಸಸಿಯ ತುದಿ ಕಂದಿತು. ನನ್ನ ಎದೆ ಅದಕ್ಕಿಂತ ಮೊದಲೇ ಕಂದಿತ್ತು. ಕುಂಡವನ್ನು ಎತ್ತಿ ಬಂಗಲೆಯ ಕಚೇರಿ ಕೋಣೆಯಲ್ಲಿ ಪಂಖಾದ ಕೆಳಗಿಟ್ಟೆ. ಕಿಟಕಿಗೆ ಲಾಮಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದೆ. ಗಿಡಕ್ಕೆ ಗಾಳಿ ಬಂದದ್ದೇ ತಡ, ಕಾರಕೂನರೆಲ್ಲ ಒಬ್ಬೊಬ್ಬರಾಗಿ ಚಾಪೆ ಎಳೆದುಕೊಂಡು ಬಂದು ಅದರ ಸುತ್ತ ಕೂತರು. ತಂಪಿಗೆ ಎಲ್ಲರ ಕಣ್ಣೂ ಮುಚ್ಚಿದವು.

ಆಗ ಟಿಕೋಟಾದ ಮುದುಕನೊಬ್ಬ ಏನೋ ಕೆಲಸಕ್ಕೆ ಬಂದ. ಕಣ್ಣು ಮುಚ್ಚಿ ಕೂತ ಸರಕಾರವನ್ನೂ ನಡುವಿನ ಗಿಡವನ್ನೂ ನೋಡಿ ಕಾಲಿನ ಕಾಲಮರಿ ಬಾಗಿಲಲ್ಲೇ ಬಿಟ್ಟ, ಅಡ್ಡಬಿದ್ದ. ಗುಡಿಗೆಂದು ತಂದಿದ್ದ ಕಾಯಿಯನ್ನು ಕುಂಡದ ಅಂಚಿಗೇ ಒಡೆಯಲು ಎತ್ತಿದ.

‘ಯಪ್ಪಾ, ಬ್ಯಾಡೋ!’ ಎಂದು ನಾನು ನಡುವೆ ತಲೆ ಕೊಟ್ಟೆ. ಕುಂಡ ಉಳಿಯಿತು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಕಾರಕೂನರು ಎದ್ದು ಪ್ರಸಾದ ಹಂಚಿಕೊಂಡರು. ತಲೆ ಕೊಟ್ಟವನಿಗೆ ಚಿಪ್ಪೂ ಸಿಗಲಿಲ್ಲ.

ನೆರಳಿನ ಪಾಲು

ಗುಮ್ಮಟ ಮೀರುವ ಗಿಡದ ಸುದ್ದಿ ಊರೂರು ಹಬ್ಬಿತು. ಬಿಜ್ಜರಗಿಯ ರೈತನೊಬ್ಬ ಬಂದವನೇ, ‘ಅಣ್ಣಾರ, ಇದರ ನೆಳ್ಳ ಎಲ್ಲೀತನಕ ಬೀಳ್ತೈತ್ರಿ?’ ಎಂದ.

ಗತ್ತಿನಿಂದ ಹೇಳಿದೆ: ‘ಮುಂಜಾನಿ ಟಿಕೋಟಾ ದಾಟಿ ನಿಮ್ಮೂರಿಗೇ ಬರ್ತೈತಿ.’

‘ಹಂಗಾರ ನನ್ನ ಜ್ವಾಳದ ಗತಿ?’ ಎಂದು ಸಸಿ ಕೀಳಲು ಕೈ ಹಾಕಿಬಿಟ್ಟ! ನಾನು ಚೀರಿದೆ:

‘ಲೇ ತಡಿಯೋ, ರಾಶಿ ಮಾಡೂವಾಗ ಕಣಾ ತಂಪ ಇರ್ತೈತಿ!’

ಆತ ಕೈ ತೆಗೆದ. ಯೋಚಿಸಿದ. ‘ಹಂಗಾರ ಬೀಳ್ಲಿ. ಖರೆ, ಬದು ದಾಟಿ ನಮ್ಮ ತಮ್ಮನ ಹೊಲಕ್ಕ ಹೋಗಬಾರದ ನೋಡ್ರಿ.’

ಮರುದಿನ ತಮ್ಮ ಬಂದ. ‘ಅಪ್ಪನ ಆಸ್ತ್ಯಾಗ ಅರ್ಧಾ ನಂದೈತಿ. ನೆಳ್ಳಿನ್ಯಾಗೂ ಅರ್ಧಾ ಬೇಕು!’ ಆ ಹೊತ್ತಿಗೆ ಗಿಡದ ನೆರಳಲ್ಲಿ ಒಂದು ಇರುವೆ ನಿಂತರೂ ಅದರ ಬೆನ್ನು ಬಿಸಿಲಿಗೇ ಇರುತ್ತಿತ್ತು.

ಸುಣ್ಣ ಬಳಿದ ಹಸಿರು

ಸಾಹೇಬರು ಬರುವ ದಿನ ಹತ್ತಿರವಾಯಿತು. ಗಿಡದ ಕಂದಿದ ತುದಿ ನೋಡಿ ನನಗೆ ಅನ್ನ ಸೇರದು. ಹಳೇ ಗೊಬ್ಬರ ಹಾಕಿದರೆ ಚಿಗುರೀತೆಂದು ಬಬಲೇಶ್ವರಕ್ಕೆ ಮಾವನ ತಿಪ್ಪೆ ಹುಡುಕಿಕೊಂಡು ಹೋದೆ. ಗೊಬ್ಬರದ ಚೀಲ ಹೊತ್ತು ಮರಳಿದರೆ ಬಂಗಲೆ ಮದುವೆ ಮನೆಯಂತೆ ಹೊಳೆಯುತ್ತಿತ್ತು. ದೊಡ್ಡವರು ಬರುವಾಗ ಗಿಡಗಳ ಬೊಡ್ಡೆಗೆ ಸುಣ್ಣ, ಕೆಮ್ಮಣ್ಣು ಬಳಿಯುವುದು ಸರಕಾರಿ ಪದ್ಧತಿ. ಹಿರಿಯ ಕಾರಕೂನರು ಜವಾನನಿಗೆ, ‘ಒಂದ ಗಿಡಾನೂ ಬಿಡಬ್ಯಾಡ’ ಎಂದಿದ್ದರು. ಆತ ಬಿಟ್ಟಿರಲಿಲ್ಲ. ಕುಂಡಕ್ಕೆ ಕೆಮ್ಮಣ್ಣು. ಸಸಿಗೆ ಬುಡದಿಂದ ತುದಿಯವರೆಗೆ ಸುಣ್ಣ.

‘ಇದೇನ ಮಾಡಿದ್ಯೋ ಮಾರಾಯಾ!’

‘ಬೊಡ್ಡಿ ಎಲ್ಲೈತಿ ತಿಳೀಲಿಲ್ರಿ. ಅದಕ್ಕ ಎಲ್ಲಾ ಬಳದ್ನಿ.’

ತೊಳೆಯಲು ನೀರು ತರುವಷ್ಟರಲ್ಲಿ ಮೋಟಾರು ಒಳಗೆ ಬಂತು. ಸಾಹೇಬರು ಇಳಿದವರೇ, ‘ಎಲ್ಲಿ ನನ್ನ ಗಿಡ?’ ಎಂದರು. ಕುಂಡ ಎತ್ತಿ ಎದುರಿಗೆ ಹಿಡಿದೆ. ಕುಂಡದ ಭಾರಕ್ಕೆ ಕೈ ನಡುಗುತ್ತಿತ್ತು.

ಸಾಹೇಬರು ಬಗ್ಗಿ ನೋಡಿದರು. ‘ಸತ್ತಿದೆಯೋ, ಬದುಕಿದೆಯೋ?’

ನಾನು ಕುಂಡವನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ.

‘ಗಾಳಿಯೇ ಇಲ್ಲ. ಇದು ಯಾಕೆ ಅಲುಗಾಡ್ತಿದೆ?’

‘ನಿಮ್ಮನ್ನ ಕಂಡ ಖುಷಿಗೆ ಕುಣ್ಯಾಕತ್ತೇತ್ರಿ ಸಾಹೇಬ್ರ!’

ಸಾಹೇಬರು ಕರವಸ್ತ್ರದಿಂದ ಸುಣ್ಣ ಒರೆಸಿದರು. ಕೆಳಗೆ ಹಸಿರು! ಅವರು ನಗತೊಡಗಿದರು. ‘ನೌಕರಿ ಉಳೀತು ಹೋಗು. ಗಿಡಕ್ಕೆ ಮಾತ್ರ ಇಷ್ಟು ಕುಣಿಯಲು ಕಲಿಸಬೇಡ.’

ಎಲ್ಲವೂ ಖರೆ ಎಂದಿದ್ದೇನೆ. ಆದರೆ ಹೆಂಡತಿ ಎದುರಿಗೇ ಕೂತು ದಿಟ್ಟಿಸುತ್ತಿದ್ದಾಳಾದ್ದರಿಂದ ಒಂದೇ ಒಂದು ಸಣ್ಣ ಸಂಗತಿ ಒಪ್ಪಿಕೊಳ್ಳುತ್ತೇನೆ. ಆ ಕುಂಡ ಭಾರವೇನೂ ಇರಲಿಲ್ಲ.